ಅಮ್ಮ ಬಸುರಿ

ಸ್ನಾನದ ಮನೆಯ ಕಪಾಟಿನಲ್ಲಿದ್ದ ಡಬ್ಬಿಯಲ್ಲಿ ಒಂದು ಪಟ್ಟಿ ಕಡಿಮೆಯಾಗಿದ್ದು ಸೈಲಾಳ ಕಣ್ಣಿಗೆ ಬಿದ್ದದ್ದು ಸೆಪ್ಟೆಂಬರ್ ಕೊನೆಯ ಒಂದು ಗುರುವಾರ. ಔಷಧಿ ಅಂಗಡಿಯಲ್ಲಿ ಸಿಗುವ ಬಸಿರು ಪರೀಕ್ಷೆಯ ಪಟ್ಟಿಗಳು ಅವು. ಮೂರು ವರ್ಷದಿಂದ ತಿಂಗಳಿಗೊಂದರಂತೆ ಖರ್ಚಾಗುತ್ತಿದ್ದವು. ಪ್ರತಿ ಸಲವೂ ಒಂದೇ ಗೆರೆ ಮೂಡುತ್ತಿತ್ತು. ಅವಳು ಅದನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕಿ, ಮುಖ ತೊಳೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ಸಂಜೆ ಐದಕ್ಕೆ ಐವರೂ ಊಟಕ್ಕೆ ಕೂತರು. ಬೇಯಿಸಿದ ಆಲೂಗಡ್ಡೆ, ಹುರಿದ ಮೀನು, ರೈ ಬ್ರೆಡ್ಡು. ಅಪ್ಪ ರೇಯೊ ಮರದ ದಿಮ್ಮಿಯ ಲಾರಿ ನಿಲ್ಲಿಸಿ ಆಗಷ್ಟೇ ಬಂದಿದ್ದ. ಸೈಲಾಳ ಗಂಡ ಇಲ್ಕಾ ಬಡಗಿ. ಅಂಗಳದಾಚೆ ತಮ್ಮಿಬ್ಬರಿಗಾಗಿ ಕಟ್ಟುತ್ತಿದ್ದ ಮನೆಯ ಗೋಡೆಗೆ ಹಲಗೆ ಹೊಡೆದು ಬಂದವನ ತಲೆಯ ತುಂಬ ಮರದ ಪುಡಿ. ಆ ಮನೆ ಮುಗಿಯುವ ತನಕ ಅಂತ ಗಂಡ ಹೆಂಡಿರು ಅಪ್ಪನ ಮನೆಯ ಮಹಡಿಯಲ್ಲಿದ್ದು ಎರಡು ವರ್ಷವಾಗಿತ್ತು.

"ನನ್ನ ಡಬ್ಬಿಯಿಂದ ಪಟ್ಟಿ ತೆಗೆದವರು ಯಾರು?" ಸೈಲಾ ಕೇಳಿದಳು.

"ಯಾವ ಪಟ್ಟಿ? ಮರ ಉಜ್ಜೋ ಪಟ್ಟೀನಾ?" ಅಂದ ರೇಯೊ.

"ಬಸಿರು ನೋಡೋ ಪಟ್ಟಿ."

ರೇಯೊನ ತಾಯಿ ಔನೆ ಮೀನಿನ ಮುಳ್ಳು ಬಿಡಿಸುತ್ತ, "ನಾನಂತೂ ಅಲ್ಲವ್ವ. ನನಗೆ ಎಪ್ಪತ್ತೊಂಬತ್ತು" ಅಂದಳು. ಆದರೆ ಅವಳ ಕಣ್ಣು ಸೊಸೆಯ ಕಡೆ ಹೊರಳಿತು.

ಸೈಲಾಳ ತಾಯಿ ಮೆರ್ಯಾ ತಟ್ಟೆ ಮುಟ್ಟಿರಲಿಲ್ಲ. ಅವಳಿಗೆ ನಲವತ್ತೈದು. ಶಾಲೆಯ ಅಡುಗೆಮನೆಯಲ್ಲಿ ದಿನಾ ಇನ್ನೂರು ಮಕ್ಕಳಿಗೆ ಬೇಯಿಸುವ ಹೆಂಗಸು. ಮೀನಿನ ವಾಸನೆಗೆ ಮೂಗು ಮುಚ್ಚಿದ್ದನ್ನು ಯಾರೂ ಎಂದೂ ನೋಡಿರಲಿಲ್ಲ. ಈಗ ಕರವಸ್ತ್ರ ಮೂಗಿಗೆ ಹಿಡಿದಿದ್ದಳು.

"ನಾನೇ ತಗೊಂಡೆ" ಅಂದಳು. "ಬೆಳಿಗ್ಗೆ. ಮುಟ್ಟು ನಿಲ್ಲೋ ಕಾಲ ಬಂತು ಅಂದ್ಕೊಂಡಿದ್ದೆ. ಅತ್ತೆ ಬಿಡಲಿಲ್ಲ, ಒಂದ್ಸಲ ನೋಡ್ಕೋ, ನೋಡ್ಕೋ ಅಂತ."

"ಎಷ್ಟು ಗೆರೆ?"

"ಊಟ ಆಗಲಿ, ಸೈಲಾ."

"ಅಮ್ಮ. ಎಷ್ಟು ಗೆರೆ?"

"ಎರಡು."

ರೇಯೊನ ಬಾಯಲ್ಲಿದ್ದ ಆಲೂಗಡ್ಡೆ ಅಲ್ಲೇ ನಿಂತಿತು. ಅವನು ಕಷ್ಟಪಟ್ಟು ನುಂಗಿದ. ಆಮೇಲೆ ಅವನ ಮುಖದ ಮೇಲೆ ಒಂದು ನಗು, ತಡೆದರೂ ತಡೆಯಲಾಗದೆ, ಮೆಲ್ಲಗೆ ಹರಡಿತು. ಸೈಲಾ ಅದನ್ನು ಕಂಡಳು. ಎದ್ದು, ತನ್ನ ತಟ್ಟೆಯನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಹಾಕಿ, ಮೆಟ್ಟಿಲು ಹತ್ತಿ ಹೋದಳು. ಬಾಗಿಲು ಬಡಿಯಲಿಲ್ಲ. ಬಡಿದಿದ್ದರೇ ಚೆನ್ನಾಗಿತ್ತು ಅಂತ ಮೆರ್ಯಾಳಿಗೆ ಅನ್ನಿಸಿತು.

"ಮೂರು ವರ್ಷದಿಂದ ನಾವು ಬಾಗಿಲು ತಟ್ತಾ ಇದ್ದೀವಿ," ಇಲ್ಕಾ ಯಾರನ್ನೂ ನೋಡದೆ ಅಂದ, "ತೆಗೆದಿದ್ದು ಪಕ್ಕದ ಬಾಗಿಲು."

*

ಮುಂದಿನ ವಾರ ಶಾಲೆಯ ಅಡುಗೆಮನೆಯಲ್ಲಿ ಬಟಾಣಿ ಸಾರಿನ ಹಂಡೆ ತಿರುವುತ್ತಿದ್ದಾಗ ಮೆರ್ಯಾಳಿಗೆ ಕಣ್ಣು ಕತ್ತಲಿಟ್ಟಿತು. ಕಾರು ಓಡಿಸುವುದು ಸದ್ಯಕ್ಕೆ ಬೇಡ ಅಂತ ವೈದ್ಯರು ಹೇಳಿದರು. ರೇಯೊ ನಸುಕಿಗೇ ಕಾಡಿಗೆ ಹೊರಡುವವನು. ಸೈಲಾಳಿಗೆ ಸೂಪರ್ ಮಾರ್ಕೆಟ್ಟಿನಲ್ಲಿ ಆ ವಾರ ಮಧ್ಯಾಹ್ನದ ಪಾಳಿ, ಬೆಳಿಗ್ಗೆ ಬಿಡುವು.

"ಅಮ್ಮನ್ನ ತಪಾಸಣೆಗೆ ನೀನೇ ಕರ್ಕೊಂಡು ಹೋಗು" ಅಂದಳು ಔನೆ.

"ಬಸ್ಸಿದೆಯಲ್ಲ, ಅಜ್ಜಿ."

"ಬಸ್ಸಲ್ಲಿ ಬಿದ್ದರೆ ಎತ್ತೋರು ಯಾರು? ಸಿಟ್ಟು ಮಾಡ್ಕೋ, ಬೇಡ ಅನ್ನಲ್ಲ. ಸಿಟ್ಟಲ್ಲೇ ಕಾರು ಓಡಿಸು."

ಬಸುರಿಯರನ್ನು ನೋಡುವ ಕೇಂದ್ರ ಆರೋಗ್ಯ ಕೇಂದ್ರದ ಹಿಂಬದಿಯಲ್ಲಿತ್ತು. ಊರಿನವರೆಲ್ಲ ಅದನ್ನು ನೆವೊಲಾ ಅನ್ನುತ್ತಾರೆ. ಊರಿನ ಪ್ರತಿ ಮಗುವೂ ಹುಟ್ಟುವ ಮೊದಲೇ ಒಂದಷ್ಟು ಸಲ ಹೋಗಿ ಬಂದಿರುವ ಜಾಗ ಅದು. ಗೋಡೆಗೆ ಮಕ್ಕಳ ಚಿತ್ರ, ಮೂಲೆಯಲ್ಲಿ ಮರದ ಆಟಿಕೆ. ಸೈಲಾ ತಿಂಗಳಿಗೊಂದು ಸಲವಾದರೂ ಆ ಬಾಗಿಲ ಮುಂದೆ ಹಾದುಹೋಗುತ್ತಿದ್ದಳು. ಒಳಗೆ ಕಾಲಿಟ್ಟದ್ದು ಇದೇ ಮೊದಲು.

ದಾದಿ ರಿತ್ವಾ ಹೊರಗೆ ಬಂದಳು. ಅರವತ್ತರ ಹತ್ತಿರದವಳು, ಮೃದು ಚಪ್ಪಲಿ, ಕೊರಳಲ್ಲಿ ಕನ್ನಡಕ. ಕುರ್ಚಿಯಲ್ಲಿದ್ದ ತಾಯಿ ಮಗಳನ್ನು ನೋಡಿ ನಗುತ್ತ ನೇರವಾಗಿ ಸೈಲಾಳ ಕಡೆ ಕೈ ಚಾಚಿದಳು.

"ಬನ್ನಿ, ಬನ್ನಿ. ಒಳ್ಳೇ ಸುದ್ದಿ! ಅಮ್ಮನ್ನೂ ಜೊತೇಲಿ ಕರ್ಕೊಂಡು ಬಂದಿದ್ದೀರ, ಒಳ್ಳೇದಾಯ್ತು."

ಸೈಲಾಳ ಕಿವಿ ಕೆಂಪಾಯಿತು. "ನಾನಲ್ಲ," ಅಂದಳು. "ಇವರು."

ಮೂವತ್ತು ವರ್ಷದ ಕಸುಬಿನ ರಿತ್ವಾ ಚಾಚಿದ ಕೈಯನ್ನು ಮೆರ್ಯಾಳ ಕಡೆ ತಿರುಗಿಸಿದಳು. ಕ್ಷಮೆ ಕೇಳಿ ಮೆರ್ಯಾಳನ್ನು ಒಳಗೆ ಕರೆದೊಯ್ದಳು. ತೂಕ, ರಕ್ತದ ಒತ್ತಡ, ಬೆರಳ ತುದಿಯಿಂದ ಒಂದು ಹನಿ ರಕ್ತ, ಲೋಟದಲ್ಲಿ ಮೂತ್ರ. ಒಂಬತ್ತು ವಾರ, ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಹೆರಿಗೆ ಅಂತ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದಳು. ಸೈಲಾ ಹೊರಗೆ ಕೂತು ಎದುರಿನ ಹುಡುಗಿಯ ಎಂಟು ತಿಂಗಳ ಹೊಟ್ಟೆಯನ್ನೇ ನೋಡುತ್ತಿದ್ದಳು. ಆ ಹುಡುಗಿ ಕೋಟಿನ ಗುಂಡಿ ಹಾಕಿಕೊಂಡಳು.

ಮನೆಗೆ ಬರುವ ದಾರಿಯಲ್ಲಿ ಮೆರ್ಯಾ, "ನಿನ್ನ ವಯಸ್ಸಿಗೆ ಅವಳು ಹಾಗಂದ್ಕೊಂಡಿದ್ದು ಸಹಜ" ಅಂದಳು.

"ಹೂಂ. ಸಹಜವಾದ್ದು ನಿನಗೇ ಆಗೋದು."

ಸೈಲಾ ರೇಡಿಯೊ ಹಾಕಿ ದನಿ ಏರಿಸಿದಳು.

*

ಒಂದು ಭಾನುವಾರ ಮೂವರು ಹೆಂಗಸರೂ ಅಡುಗೆಮನೆಯಲ್ಲಿದ್ದರು. ಔನೆ ಏಲಕ್ಕಿ ಬನ್ನಿನ ಹಿಟ್ಟು ನಾದುತ್ತಿದ್ದಳು. ಮೆರ್ಯಾ ಕ್ಯಾರೆಟ್ ಹೆರೆಯುತ್ತ ತಲೆಯೆತ್ತದೆ ಹೇಳಿದಳು: "ಹನ್ನೆರಡು ವಾರದೊಳಗೆ ಬೇಡ ಅಂದರೆ ಬೇಡ ಅನ್ನಬಹುದಂತೆ. ಇನ್ನೂ ಎರಡು ವಾರ ಇದೆ. ನಾನು ಯೋಚನೆ ಮಾಡ್ತಾ ಇದ್ದೀನಿ."

"ಯಾಕೆ?" ಸೈಲಾಳ ಕೈಯಲ್ಲಿದ್ದ ಕಾಫಿ ಚೆಲ್ಲಿತು. "ನಿನಗೆ ಬೇಡ್ವಾ?"

"ನನಗೆ ಬೇಡ ಅಂತಲ್ಲ. ಈ ಮನೇಲಿ ನೀನು ನನ್ನ ಮುಖ ನೋಡಿ ಮಾತಾಡಿ ಎರಡು ವಾರ ಆಯ್ತು."

"ಹಾಗಾದರೆ ನನಗೋಸ್ಕರ ತೆಗೆಸ್ತೀಯ? ಆ ಪಾಪಾನೂ ನನ್ನ ತಲೆಗೇ ಕಟ್ತೀಯ? ನಾನು ಸಿಕ್ಕರೆ ಸಾಕು ಅಂತ ಕಾಯ್ತಾ ಇರೋದನ್ನ ನೀನು ಎಸೀತೀಯ, ಅದೂ ನನ್ನ ಹೆಸರು ಹೇಳಿ!"

"ಕೂಗಬೇಡ."

"ಕೂಗ್ತೀನಿ! ನಂಗೆ ಹೊಟ್ಟೆಕಿಚ್ಚು ಅಮ್ಮ. ಉರೀತಾ ಇದೀನಿ. ಅದು ನಿಂಗೆ ಗೊತ್ತು. ಆದರೂ ಎಸೀಬೇಡ."

ಔನೆ ಹಿಟ್ಟಿನ ಕೈಯನ್ನು ಒರೆಸಿಕೊಂಡಳು. "ನಮ್ಮ ಕಾಲದಲ್ಲಿ ಇದಕ್ಕೆ ಇಷ್ಟು ರಂಪ ಇರಲಿಲ್ಲ. ನಮ್ಮಮ್ಮ ಎಂಟನೇದನ್ನ ಹೆತ್ತು ತನ್ನ ತಂಗಿ ಕೈಲಿಟ್ಟಳು. ತಂಗಿಗೆ ಮಕ್ಕಳಿರಲಿಲ್ಲ. ಆ ಹುಡುಗ ಇಬ್ಬರನ್ನೂ ಅಮ್ಮ ಅಂತಿದ್ದ. ನೀನು ಹೆರು. ಇವಳು ಸಾಕಲಿ. ಅಂಗಳ ದಾಟಿದರೆ ಮನೆ."

ಯಾರೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮೆರ್ಯಾಳಿಗೆ ಮಗಳ ಮುಖ ನೋಡಲು ಧೈರ್ಯ ಸಾಲಲಿಲ್ಲ. ನೋಡಿದ್ದರೆ ಆಗಲೇ ಉಹೂಂ ಅನ್ನುತ್ತಿದ್ದಳೇನೋ. ಅವಳು ಕ್ಯಾರೆಟ್ ಹೆರೆಯುವುದನ್ನು ಮುಂದುವರಿಸಿದಳು. ಸೈಲಾ ಬಟ್ಟೆ ತಂದು ಚೆಲ್ಲಿದ ಕಾಫಿ ಒರೆಸಿದಳು. ಎರಡು ವಾರದಲ್ಲಿ ಮೊದಲ ಸಲ, "ಅಮ್ಮ, ನೀನು ಕೂತ್ಕೋ, ನಾನು ಮಾಡ್ತೀನಿ" ಅಂದಳು.

*

ಅಂದಿನಿಂದ ಸೈಲಾ ಬದಲಾದಳು. ಹನ್ನೆರಡನೇ ವಾರದ ಸ್ಕ್ಯಾನಿಗೆ ತಾನೇ ರಜೆ ಹಾಕಿ ಕರೆದುಕೊಂಡು ಹೋದಳು. ಪರದೆಯ ಮೇಲೆ ನೆಲ್ಲಿಕಾಯಿಯಷ್ಟು ತಲೆ, ಅದರ ಪಕ್ಕ ಅಲುಗುವ ಕೈ ಕಂಡಾಗ ಮೆರ್ಯಾಳಿಗಿಂತ ಮೊದಲು ಅವಳೇ "ಅಯ್ಯೋ" ಅಂದಳು. ವಯಸ್ಸಿನ ದೆಸೆಯಿಂದ ಮಾಡಬೇಕಾದ ರಕ್ತ ಪರೀಕ್ಷೆಯ ಫಲಿತಾಂಶಕ್ಕೆ ಎರಡು ವಾರ ಕಾದಳು. ಎಲ್ಲ ಸರಿಯಿದೆ ಅಂತ ಬಂದ ದಿನ ಮೆರ್ಯಾ ನಿಟ್ಟುಸಿರುಬಿಟ್ಟರೆ ಸೈಲಾ ಅತ್ತೇಬಿಟ್ಟಳು.

ಆಮೇಲೆ ಅಡುಗೆಮನೆಯ ಕಾನೂನು ಅವಳ ಕೈಗೆ ಹೋಯಿತು. ಕಾಫಿ ಎರಡೇ ಲೋಟ. ಲಿವರ್ ಮಾಂಸ ಮುಟ್ಟುವಂತಿಲ್ಲ. ಹಬೆ ಸ್ನಾನದ ಸೌನಾದಲ್ಲಿ ಬಿಸಿ ಕಡಿಮೆಯಿರುವ ಕೆಳಗಿನ ಹಲಗೆ, ಹತ್ತೇ ನಿಮಿಷ. ರೇಯೊ ತಂದ ಜ್ಯೇಷ್ಠಮಧುವಿನ ಕರಿ ಮಿಠಾಯಿಯ ಪೊಟ್ಟಣ, ಬಸುರಿಗೆ ಆಗದು ಅಂತ, ಕಸದ ಬುಟ್ಟಿಗೆ ಹೋಯಿತು.

"ನಿನ್ನನ್ನ ಹೊತ್ತಾಗ ದಿನಾ ತಿಂತಿದ್ದೆ ಕಣೆ ಅದನ್ನ" ಅಂದಳು ಮೆರ್ಯಾ.

"ಅದಕ್ಕೇ ನಾನು ಹಿಂಗಿದೀನಿ. ಈ ಮಗುಗೆ ಅದು ಬೇಡ."

"ನನ್ನ ಬಾಯಿ ನನ್ನದು ತಾನೆ?"

"ಬಾಯಿ ನಿನ್ನದೇ."

ಔನೆ ಮಗನ ಕಿವಿಯಲ್ಲಿ, "ಒಬ್ಬಳ ಹೊಟ್ಟೇಲಿ ಕೂಸು, ಇನ್ನೊಬ್ಬಳ ಹೊಟ್ಟೇಲಿ ಕಿಚ್ಚು. ಕಿಚ್ಚಿರೋಳೇ ಜಾಸ್ತಿ ಬಸುರಿ ಥರ ಕಾಣ್ತಾಳೆ" ಅಂದಳು. ರೇಯೊ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡ. ಹೆಂಡತಿಯ ಹೊಟ್ಟೆಯ ಮೇಲೆ ಕೈಯಿಡಬೇಕೆಂದರೆ ಅವನು ಮಗಳು ಕೆಲಸಕ್ಕೆ ಹೋಗುವುದನ್ನು ಕಾಯಬೇಕಾಗಿತ್ತು.

ಡಿಸೆಂಬರಿನ ತಪಾಸಣೆಯಲ್ಲಿ ರಿತ್ವಾ ಮೆರ್ಯಾಳ ಹೊಟ್ಟೆಗೆ ತಣ್ಣನೆಯ ಲೇಪ ಹಚ್ಚಿ ಸಣ್ಣ ಯಂತ್ರವೊತ್ತಿದಳು. ಕೋಣೆಯ ತುಂಬ ಕುದುರೆ ಓಡಿದಂಥ ಸದ್ದು. ಸೈಲಾ ಮಂಚದ ಅಂಚು ಹಿಡಿದಳು.

"ನಿದ್ದೆ ಬರ್ತಿದೆಯಾ?" ರಿತ್ವಾ ಕೇಳಿದಳು.

"ಬರಲ್ಲ, ಮೂರು ಸಲ ಏಳ್ತಾರೆ" ಅಂದಳು ಸೈಲಾ.

"ಕಾಲು ಊತ?"

"ಇಲ್ಲ. ನಾನು ದಿನಾ ನೋಡ್ತೀನಿ."

"ಮನಸ್ಸು ಹೇಗಿದೆ?"

"ಚೆನ್ನಾಗಿದ್ದೀವಿ."

ರಿತ್ವಾ ಲೇಖನಿ ಕೆಳಗಿಟ್ಟಳು. "ಸೈಲಾ, ನೀವು ಸ್ವಲ್ಪ ಹೊರಗೆ ಕೂತಿರಿ. ಕೆಲವು ಪ್ರಶ್ನೆ ಇವೆ. ಅವನ್ನ ನಾನು ಯಾರನ್ನೇ ಆದರೂ ಒಬ್ಬರೇ ಇದ್ದಾಗಲೇ ಕೇಳೋದು."

ಬಾಗಿಲು ಮುಚ್ಚಿದ ಮೇಲೆ ಅವಳು ಕೇಳಿದ್ದು ಒಂದೇ: "ಮನೇಲಿ ಎಲ್ಲ ಸರಿಯಿದೆಯಾ?"

ಮೆರ್ಯಾ ಅಂಗಿ ಕೆಳಗೆಳೆದುಕೊಂಡಳು. "ಮಗು ತನಗೆ ಸಿಗುತ್ತೆ ಅಂದ್ಕೊಂಡಿದಾಳೆ. ನಾನು ಕೊಡ್ತೀನಿ ಅಂದಿಲ್ಲ. ಕೊಡಲ್ಲ ಅಂತಾನೂ ಅಂದಿಲ್ಲ. ಅವಳು ನಕ್ಕಳಲ್ಲ ಅಂತ ಸುಮ್ಮನಾದೆ."

"ಕೊಡೋ ಮನಸ್ಸಿದೆಯಾ?"

"ಇಲ್ಲ. ಮೊನ್ನೆ ಒಳಗಿಂದ ಮೀನು ಬಾಲ ಬಡಿದ ಹಾಗಾಯ್ತು. ಇಲ್ಲ."

"ಹಾಗಾದರೆ ಬೇಗ ಹೇಳಿ. ತಡ ಮಾಡಿದಷ್ಟೂ ಆಳಕ್ಕೆ ಹೋಗುತ್ತೆ."

ಮೆರ್ಯಾ ಹೇಳಲಿಲ್ಲ. ಕ್ರಿಸ್‌ಮಸ್ ಆಗಲಿ ಅಂದುಕೊಂಡಳು. ಹೊಸ ವರ್ಷ ಆಗಲಿ ಅಂದುಕೊಂಡಳು.

*

ಜನವರಿ ಕೊನೆಗೆ ಸರ್ಕಾರದ ಪೆಟ್ಟಿಗೆ ಬಂತು. ಹೊಟ್ಟೆಯಲ್ಲಿರುವ ಪ್ರತಿ ಕೂಸಿನ ಹೆಸರಲ್ಲೂ ಬರುವ, ಬಟ್ಟೆ ಹೊದಿಕೆಗಳು ತುಂಬಿದ, ಖಾಲಿಯಾದ ಮೇಲೆ ಕೂಸನ್ನೇ ಮಲಗಿಸಬಹುದಾದ ರಟ್ಟಿನ ಪೆಟ್ಟಿಗೆ. ಅಂಚೆಯಿಂದ ಬಿಡಿಸಿಕೊಂಡು ಬಂದವಳು ಸೈಲಾ. ಮೆರ್ಯಾ ಶಾಲೆಯಿಂದ ಬಂದಾಗ ಅಡುಗೆಮನೆಯಲ್ಲಿ ಪೆಟ್ಟಿಗೆಯಿರಲಿಲ್ಲ. ಅವಳು ಕಂಬಿ ಹಿಡಿದು ಮಹಡಿ ಹತ್ತಿದಳು.

ಸೈಲಾಳ ಹಾಸಿಗೆಯ ಮೇಲೆ ಬೆರಳುದ್ದದ ಕಾಲುಚೀಲ, ಟೊಪ್ಪಿ, ಮೊಲದ ಚಿತ್ರದ ಅಂಗಿ, ಎಲ್ಲವನ್ನೂ ತಿಂಗಳಿಗೆ ತಕ್ಕಂತೆ ಜೋಡಿಸಿತ್ತು. ಪೆಟ್ಟಿಗೆ ಹಾಸಿಗೆಯ ಪಕ್ಕದಲ್ಲಿ, ಅವಳ ತಲೆದಿಂಬಿನ ಕಡೆ, ಒಳಗೆ ಪುಟ್ಟ ಹೊದಿಕೆ ಹಾಸಿಕೊಂಡು ಸಿದ್ಧವಾಗಿತ್ತು.

"ನನ್ನ ಬಿಟ್ಟು ಬಿಚ್ಚಿದೆಯಾ?" ಅಂದಳು ಮೆರ್ಯಾ.

"ನಿನಗೆ ಬಗ್ಗೋಕಾಗಲ್ಲ ಅಂತ. ನೋಡು, ಈ ಟೊಪ್ಪಿ..."

"ಸೈಲಾ, ಇದನ್ನೆಲ್ಲ ಕೆಳಗೆ ತಗೊಂಡು ಬಾ."

"ಯಾಕೆ? ಹೇಗಿದ್ದರೂ ಆಮೇಲೆ ಮೇಲೇ ತರಬೇಕಲ್ಲ."

"ಇಲ್ಲ. ತರಬೇಕಾಗಿಲ್ಲ. ಇದು ನನ್ನ ಮಗು."

ಸೈಲಾ ಟೊಪ್ಪಿಯನ್ನು ಹಾಸಿಗೆಯ ಮೇಲಿಟ್ಟಳು. "ಅಜ್ಜಿ ಹೇಳಿದಾಗ ನೀನು ಸುಮ್ಮನಿದ್ದೆ."

"ಸುಮ್ಮನಿದ್ದೆ. ತಪ್ಪು ಮಾಡಿದೆ. ನೀನು ಮತ್ತೆ ನನ್ನ ಜೊತೆ ಮಾತಾಡೋಕೆ ಶುರು ಮಾಡಿದೆಯಲ್ಲ, ಅದನ್ನ ಕಳ್ಕೊಳ್ಳೋಕೆ ಮನಸ್ಸಾಗಲಿಲ್ಲ."

"ಮೂರು ತಿಂಗಳು! ಮೂರು ತಿಂಗಳು ನಾನು ಹೆಸರು ಹುಡುಕ್ತಿದ್ದೆ!"

"ಗೊತ್ತು."

"ನಿನಗೆ ನಾನಿದ್ದೆ. ಒಬ್ಬಳು ಸಾಕಾಗಿದ್ದೆ. ಇಪ್ಪತ್ತಾರು ವರ್ಷ ಸಾಕಾಗಿದ್ದೆ! ಈಗ ನನ್ನ ಪಾಲಿಂದನ್ನೂ ಕಿತ್ಕೊಂಡೆ."

"ಮಕ್ಕಳಲ್ಲಿ ಪಾಲು ಇರಲ್ಲ ಕಣೆ. ಯಾರದ್ದನ್ನೂ ನಾನು ಕಿತ್ಕೊಂಡಿಲ್ಲ."

"ನೀನು ಕಳ್ಳಿ" ಅಂದಳು ಸೈಲಾ.

ಮೆರ್ಯಾ ಒಂದೊಂದೇ ಬಟ್ಟೆಯನ್ನು ತೆಗೆದು ಪೆಟ್ಟಿಗೆಗೆ ತುಂಬಿದಳು. ಎತ್ತಲಾಗದೆ ಮೆಟ್ಟಿಲ ತನಕ ಎಳೆದುಕೊಂಡು ಹೋದಳು. ಕೆಳಗಿಂದ ರೇಯೊ ಬಂದು ಎತ್ತಿಕೊಂಡ. ಅಂದೇ ಸಂಜೆ ಸೈಲಾ ಎರಡು ಚೀಲ ತುಂಬಿಕೊಂಡು, ಹಿಮ ತುಳಿಯುತ್ತ ಅಂಗಳ ದಾಟಿ, ಬಾಗಿಲಿಗೆ ಬಣ್ಣವಿಲ್ಲದ, ನಲ್ಲಿಗೆ ನೀರು ಬಾರದ ತನ್ನ ಮನೆಗೆ ಹೋದಳು.

*

ಆ ಮನೆಯಲ್ಲಿ ಉರಿಯುವ ಒಲೆಯೊಂದು ಮಾತ್ರ ಇತ್ತು. ಹಿಂದೆಯೇ ಬಂದ ಇಲ್ಕಾ ಮಾವನ ಮನೆಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ತಂದ. ಸಾಸೇಜು ಸುಟ್ಟುಕೊಂಡು ಬ್ರೆಡ್ಡಿನ ಜೊತೆ ತಿಂದರು. ವಾರ ಕಳೆದರೂ ಸೈಲಾ ಅಮ್ಮನನ್ನು ಬೈಯುವುದನ್ನು ನಿಲ್ಲಿಸಲಿಲ್ಲ.

"ಇಪ್ಪತ್ತೇಳು ವಾರ ಈಗ. ಸಕ್ಕರೆ ಪರೀಕ್ಷೆ ಬರುತ್ತೆ. ಬೆಳಿಗ್ಗೆ ಏನೂ ತಿನ್ನಬಾರದು. ತಿಂದ್ಕೊಂಡೇ ಹೋಗ್ತಾಳೆ, ನೋಡು."

ಇಲ್ಕಾ ಹಲಗೆಗೆ ಮೊಳೆ ಹೊಡೆಯುತ್ತಿದ್ದವನು ಸುತ್ತಿಗೆ ಕೆಳಗಿಟ್ಟ. "ನಿನ್ನಮ್ಮನ ಹೊಟ್ಟೆ ಎಷ್ಟು ವಾರದ್ದು ಅಂತ ನಿನಗೆ ಗೊತ್ತು. ನಾನು ಊಟ ಮಾಡಿದ್ನಾ ಅಂತ ಗೊತ್ತಾ?"

"ಈಗ ನಿನ್ನದೊಂದು ಶುರುವಾಯ್ತಾ?"

"ನನ್ನದೂ ಇದೆ. ಆ ಮಗುನ ತಂದು ಈ ರೂಮಲ್ಲಿ ಮಲಗಿಸ್ತಿದ್ದೆ. ಅದು ನನ್ನದಲ್ಲ. ನಿನ್ನಪ್ಪನ ಮನೇಲಿ ಉಳಿದ ಅಡುಗೆ ತಂದು ತಿಂದ ಹಾಗೆ ಇರ್ತಿತ್ತು ನನಗೆ. ಒಂದ್ಸಲನಾದರೂ ಕೇಳಿದೆಯಾ ನನ್ನನ್ನ?"

"ನಾನು ನಿನ್ನನ್ನ ಒಂದು ವರ್ಷದಿಂದ ಕೇಳ್ತಿರೋದು ಬೇರೆ. ನನ್ನ ಪರೀಕ್ಷೆ ಎಲ್ಲ ಆಗಿ ಒಂದು ವರ್ಷ. ನೀನೂ ಮಾಡಿಸ್ಕೋ ಅಂದರೆ ಇವತ್ತು ಛಾವಣಿ, ನಾಳೆ ಕಿಟಕಿ ಅಂತೀಯ."

ಇಲ್ಕಾ ಬಹಳ ಹೊತ್ತು ಮೊಳೆಯ ಡಬ್ಬಿಯೊಳಗೆ ಕೈಯಾಡಿಸಿದ. "ಹೆದರಿಕೆ," ಅಂದ. "ನನ್ನಲ್ಲೇ ಕೊರತೆ ಅಂತ ಬಂದರೆ ನೀನು ಅಮ್ಮನ ಮೇಲೆ ಉರಿಯೋ ಹಾಗೆ ನನ್ನ ಮೇಲೂ ಉರೀತೀಯ ಅಂತ."

ಸೈಲಾ ಅವನ ಪಕ್ಕ ಹಲಗೆಗಳ ಮೇಲೆ ಕೂತಳು.

ಮರುವಾರ ಅವನು ಪರೀಕ್ಷೆಗೆ ಹೋಗಿ ಬಂದ. ಕೊರತೆ ಅವನಲ್ಲೇ ಇತ್ತು. ಚಿಕಿತ್ಸೆಗೆ ದಾರಿಯಿದೆ, ಕಾಯಬೇಕು ಅಂದರು. ಸೈಲಾ ಎರಡು ದಿನ ಕಲ್ಲಿನಂತೆ ಕೂತಿದ್ದಳು. ಮೂರನೇ ದಿನ ಅವನ ಜೊತೆ ನಿಂತು ಸಣ್ಣ ಕೋಣೆಯ ಗೋಡೆಗೆ ಬಣ್ಣ ಬಳಿದಳು.

ಅತ್ತ ಮೆರ್ಯಾ ಬಸ್ಸಿನಲ್ಲೇ ನೆವೊಲಾಕ್ಕೆ ಹೋಗಿ ಬರುತ್ತಿದ್ದಳು. ಏನೂ ತಿನ್ನದೆಯೇ ಹೋಗಿ ಸಿಹಿ ನೀರು ಕುಡಿದು ರಕ್ತ ಕೊಟ್ಟಳು. ಸಕ್ಕರೆ ತುಸು ಹೆಚ್ಚಿತ್ತು. ಬನ್ನು, ಜಾಮು ಎಲ್ಲ ನಿಂತವು. ಅವಳ ಪಾಲಿನ ಬನ್ನುಗಳನ್ನು ಔನೆ ಬಟ್ಟೆಯಲ್ಲಿ ಕಟ್ಟಿಕೊಂಡು ಅಂಗಳದಾಚೆ ಒಯ್ಯುತ್ತಿದ್ದಳು, ಜೊತೆಗೆ ಸುದ್ದಿಯನ್ನೂ.

"ನಿನ್ನಮ್ಮನಿಗೆ ಸಕ್ಕರೆ."

"ನಾನು ಕೇಳಲಿಲ್ಲ, ಅಜ್ಜಿ."

"ನಾನೂ ನಿನಗೆ ಹೇಳಲಿಲ್ಲ. ಒಲೆಗೆ ಹೇಳಿದೆ." ಬಾಗಿಲ ಹತ್ತಿರ ನಿಂತು ಮುದುಕಿ ದನಿ ತಗ್ಗಿಸಿದಳು: "ಅವತ್ತು ಬಾಯಿ ತೆಗೆದಿದ್ದು ನಾನು. ನಮ್ಮಮ್ಮ ಎಂಟನೇದನ್ನ ಕೊಟ್ಟ ಮೇಲೆ ಸಾಯೋ ತನಕ ತಂಗಿ ಮನೆ ಬಾಗಿಲು ತುಳೀಲಿಲ್ಲ. ಅಷ್ಟನ್ನ ಹೇಳೋದು ಬಿಟ್ಟಿದ್ದೆ."

*

ಏಪ್ರಿಲ್ ಮೂರನೇ ವಾರ. ಹಿಮ ಕರಗಿ ಹೊಳೆಯ ನೀರು ಹೊಲಗಳ ಮೇಲೆ ನಿಂತಿತ್ತು. ರೇಯೊ ಲಾರಿಯ ಮೇಲಿದ್ದ, ಔನೆ ಚರ್ಚಿನ ಕಾಫಿ ಕೂಟಕ್ಕೆ ಹೋಗಿದ್ದಳು. ಸೈಲಾ ಸುತ್ತಿಗೆ ಹುಡುಕುವ ನೆವದಲ್ಲಿ ಅಪ್ಪನ ಮನೆಗೆ ಬಂದಳು. ಹಜಾರದ ಬೆಂಚಿನ ಮೇಲೆ ಮೆರ್ಯಾ ಬರಿಗಾಲಲ್ಲಿ ಕೂತು, ಕೈಯಲ್ಲಿ ಉಗುರು ಕತ್ತರಿ ಹಿಡಿದು, ತನ್ನದೇ ಹೊಟ್ಟೆಯಾಚೆಯ ಕಾಲನ್ನು ಮುಟ್ಟಲು ಏದುಸಿರು ಬಿಡುತ್ತಿದ್ದಳು. ಮೂವತ್ತೇಳು ವಾರ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೂರು ತಿಂಗಳಾಗಿತ್ತು.

"ಉಗುರು ಕಾಲುಚೀಲ ಹರೀತಿದೆ" ಅಂದಳು ಮೆರ್ಯಾ. "ನಿಮ್ಮಪ್ಪನ ಕೈಗೆ ಕೊಟ್ಟರೆ ಬೆರಳೇ ಕತ್ತರಿಸ್ತಾನೆ."

ಸೈಲಾ ಕೆಳಗೆ ಕೂತು ಕತ್ತರಿ ಇಸಿದುಕೊಂಡಳು. ಅಮ್ಮನ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಪಾದ ಊದಿತ್ತು. ಹೆಬ್ಬೆರಳಿಂದ ಒತ್ತಿ ನೋಡಿದಳು.

"ರಿತ್ವಾಗೆ ತೋರಿಸಿದೆಯಾ?"

"ತೋರಿಸಿದೆ. ಒತ್ತಡ ಸರಿಯಿದೆ, ಮೂತ್ರ ಸರಿಯಿದೆ. ಬರೀ ಭಾರ ಅಂದಳು."

ಒಂದು ಉಗುರು, ಎರಡು ಉಗುರು. ಸೈಲಾ ತಲೆಯೆತ್ತದೆ, "ಶರತ್ಕಾಲಕ್ಕೆ ನಮ್ಮ ಚಿಕಿತ್ಸೆ ಶುರು. ಆಗಬಹುದು. ಆಗದೇನೂ ಇರಬಹುದು" ಅಂದಳು.

"ಇಲ್ಕಾ ಹೇಳಿದ."

"ನಿನಗೆ ಹೇಳಿದ್ನಾ?"

"ನೀರಿಗೆ ಬಂದಾಗ."

"ಅವತ್ತು ಕಳ್ಳಿ ಅಂದೆ. ಅನ್ನಬಾರದಿತ್ತು. ಆದರೆ ಹೊಟ್ಟೆಕಿಚ್ಚು ಹೋಗಿಲ್ಲ ಅಮ್ಮ. ಸುಳ್ಳು ಹೇಳಲ್ಲ. ಹುಟ್ಟಿದ ದಿನ ಬಂದು ನಗ್ತಾ ಎತ್ಕೋ ಅಂದರೆ ನನ್ನ ಕೈಲಾಗಲ್ಲ."

"ಎತ್ಕೋಬೇಡ. ಅಪ್ಪ ಇದಾನೆ, ಅಜ್ಜಿ ಇದಾಳೆ, ಎತ್ಕೊಳ್ಳೋರಿಗೆ ಬರ ಇಲ್ಲ. ನೀನು ಬಾ, ಅಷ್ಟೇ. ನನ್ನ ನೋಡೋಕೆ ಬಾ."

ಸೈಲಾ ಕೊನೆಯ ಕಿರುಬೆರಳಿಗೆ ಬಂದಳು. ಅವಳ ಕಣ್ಣೆದುರಿಗೇ ಅಮ್ಮನ ಅಂಗಿಯ ಒಂದು ಬದಿ ಉಬ್ಬಿತು. ಒಳಗಿನ ಹಿಮ್ಮಡಿಯೋ ಮೊಣಕೈಯೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ಉರುಳಿಹೋಯಿತು. ಸೈಲಾ ಕತ್ತರಿಯನ್ನು ನೆಲಕ್ಕಿಟ್ಟಳು.

"ಇಡ್ಲಾ?"

"ಇಡು."

ಅವಳು ಅಂಗೈಯಿಟ್ಟಳು. ಕಾದಳು. ಒಳಗಿನಿಂದ ಒಂದು ಒದೆತ, ಗಟ್ಟಿಯಾಗಿ, ನೇರವಾಗಿ ಅವಳ ಅಂಗೈಗೆ ಬಿತ್ತು. ಅವಳು ಕೈಯನ್ನು ಹಿಂದಕ್ಕೆಳೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಇವತ್ತಿಗೆ ಇಷ್ಟು ಸಾಕು" ಅಂದಳು ಸೈಲಾ. ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡಳು. "ಇನ್ನೊಂದು ಕಾಲು ಕೊಡು."